ಕೂರಿಸಿ ಮಾಡಿದ ಭುಜದ ಆಪರೇಷನ್, ಹಣೆಗೆ ಅಂಟಿಸಿದ ಎರಡು ಪಟ್ಟಿ

ಭುಜದ ಆಪರೇಷನ್ ಅಂದರೆ ಭುಜದ್ದೇ ಚಿಂತೆ ಅಂತ ತಿಳಿದಿದ್ದೆ. ಆಪರೇಷನ್ ಥಿಯೇಟರಿನಲ್ಲಿ ಒಬ್ಬ ಡಾಕ್ಟರು ಭುಜದ ಕಡೆ ತಿರುಗಿಯೂ ನೋಡುವುದಿಲ್ಲ, ಅವರ ಕಣ್ಣು ಪೂರ್ತಿ ನಮ್ಮ ತಲೆಯ ಮೇಲೆಯೇ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ. ನಮ್ಮ ಬದಿಯಡ್ಕ ಕಡೆಯಿಂದ ಮಂಗಳೂರಿಗೆ ಹೋಗಿ ಭುಜದ ಆಪರೇಷನ್ ಮಾಡಿಸಿಕೊಂಡವರು ತುಂಬ ಜನ ಇದ್ದಾರೆ. ಕೇಳಿದರೆ ಎಲ್ಲರೂ ಬಿಲ್ಲಿನ ಕಥೆ ಹೇಳುತ್ತಾರೆ, ಫಿಸಿಯೋಥೆರಪಿಯ ಕಷ್ಟ ಹೇಳುತ್ತಾರೆ. ಕೂರಿಸಿ ಮಾಡುತ್ತಾರೆ, ಆಗ ಮೆದುಳಿಗೆ ರಕ್ತ ಕಮ್ಮಿಯಾಗದ ಹಾಗೆ ನೋಡಿಕೊಳ್ಳಬೇಕಾಗುತ್ತದೆ ಅನ್ನುವುದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಲಗೈ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ, ಹಾಗಾಗಿ ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ್ದು. ಅಲ್ಲಲ್ಲಿ ತಪ್ಪು ಬಿದ್ದಿದ್ದರೆ ಹೊಂದಿಸಿಕೊಂಡು ಓದಿ.

ನನಗೆ 58. ಅಡಿಕೆ ತೋಟ ಇದೆ, ಬಿಪಿ ಇದೆ. ಬಿಪಿ ಇರುವುದು ಇಲ್ಲಿ ಮುಖ್ಯ, ಮುಂದೆ ಗೊತ್ತಾಗುತ್ತದೆ.

ಆಟಿ ತಿಂಗಳ ಮಳೆಯಲ್ಲಿ ತೋಟದ ತೋಡಿಗೆ ಹಾಕಿದ ಸಂಕದ ಮೇಲೆ ಕಾಲು ಜಾರಿತು. ಬೀಳುವಾಗ ಬಲಗೈ ಊರಿದೆ. ಆಗ ಅಷ್ಟೇನೂ ನೋವಾಗಲಿಲ್ಲ, ಎದ್ದು ಮನೆಗೆ ಬಂದೆ. ರಾತ್ರಿ ಶುರುವಾಯಿತು. ಮುರಿವೆಣ್ಣ ಹಚ್ಚಿದ್ದಾಯಿತು, ಬಿಸಿನೀರಿನ ಶಾಖ ಕೊಟ್ಟದ್ದಾಯಿತು. ಕಾಸರಗೋಡಿನಲ್ಲಿ ಎಕ್ಸ್‌ರೇ ತೆಗೆಸಿದರೆ ಎಲುಬು ಸರಿಯಾಗಿಯೇ ಇದೆ. ಆದರೆ ಪಂಚೆಯ ತುದಿಯನ್ನು ಸೊಂಟದ ಹಿಂದೆ ಸಿಕ್ಕಿಸಲು ಆಗುತ್ತಿರಲಿಲ್ಲ. ಕೈಯನ್ನು ಯಾರಾದರೂ ಮೇಲೆತ್ತಿ ಬಿಟ್ಟರೆ ನಿಧಾನ ಇಳಿಸಲು ಬರುತ್ತಿರಲಿಲ್ಲ, ಧೊಪ್ಪನೆ ಬೀಳುತ್ತಿತ್ತು. ಎಕ್ಸ್‌ರೇಯಲ್ಲಿ ಎಲುಬು ಮಾತ್ರ ಕಾಣುತ್ತದೆ, ಸ್ನಾಯುವನ್ನು ಎಲುಬಿಗೆ ಕಟ್ಟುವ ಬಳ್ಳಿ ಹರಿದದ್ದು ಕಾಣುವುದಿಲ್ಲ. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು, ಭುಜವನ್ನು ಮೇಲೆತ್ತುವ ಬಳ್ಳಿ ಪೂರ್ತಿ ಹರಿದು ಹಿಂದಕ್ಕೆ ಸರಿದಿದೆ. ರೊಟೇಟರ್ ಕಫ್ ಅನ್ನುತ್ತಾರೆ. ತೂತು ಹಾಕಿ, ಕ್ಯಾಮೆರಾ ಇಳಿಸಿ, ಎಲುಬಿಗೆ ಮೊಳೆಯಂಥ ಸಣ್ಣ ಸಣ್ಣ ಆ್ಯಂಕರ್ ಕೂರಿಸಿ ಬಳ್ಳಿಯನ್ನು ಹೊಲಿದು ಕಟ್ಟಬೇಕು. ತಡ ಮಾಡಿದರೆ ಬಳ್ಳಿ ಇನ್ನೂ ಹಿಂದೆ ಹೋಗುತ್ತದೆ, ಸ್ನಾಯು ಕೊಬ್ಬಾಗಿಬಿಡುತ್ತದೆ, ಆಮೇಲೆ ಎಳೆದರೂ ಬರುವುದಿಲ್ಲ ಅಂದರು ಎಲುಬಿನ ಡಾಕ್ಟರು.

ಇಲ್ಲಿಂದ ಕಾಗದಪತ್ರದ ಪುರಾಣ. ಗಡಿಯ ಈಚೆ, ನಮ್ಮ ಹಾಗೆ ಕೇರಳದ ಕಡೆ ಇರುವವರು ಸ್ವಲ್ಪ ಗಮನ ಕೊಡಿ. ನಮ್ಮ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ. ಆಧಾರಿನಲ್ಲಿ ಇನಿಷಿಯಲ್ ಕೊನೆಗೆ, ಇನ್ಶೂರೆನ್ಸ್ ಕಾರ್ಡಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಮನೆಹೆಸರಾಗಿ ಮೊದಲಿಗೆ. ಆಸ್ಪತ್ರೆಯ ಕಂಪ್ಯೂಟರಿಗೆ ನಾನು ಇಬ್ಬರು ಮನುಷ್ಯ. ಇದು ಇತ್ಯರ್ಥವಾಗದೆ ಕ್ಯಾಶ್‌ಲೆಸ್ ಅರ್ಜಿ ಮುಂದೆ ಹೋಗಲಿಲ್ಲ. ಎರಡೂ ಹೆಸರು ಒಬ್ಬನದ್ದೇ ಅಂತ ವಿಲೇಜ್ ಆಫೀಸಿನಿಂದ ಒಂದು ಸರ್ಟಿಫಿಕೇಟ್ ತರಬೇಕಾಯಿತು. ಅದು ಬಂದಮೇಲೆ ಇನ್ಶೂರೆನ್ಸಿನವರದ್ದು ಇನ್ನೊಂದು ಪ್ರಶ್ನೆ, ಬಿದ್ದದ್ದು ಹೇಗೆ, ಯಾವಾಗ, ಆಗ ಕುಡಿದಿದ್ದರೇ? ಮೊದಲು ತೋರಿಸಿದ ಡಾಕ್ಟರ ಚೀಟಿಯಲ್ಲಿ 'ಬಲಭುಜ ನೋವು' ಅಂತ ಮಾತ್ರ ಇತ್ತು, ಬಿದ್ದ ಸಂಗತಿ ಇರಲಿಲ್ಲ. ಆದ್ದರಿಂದ ಒಂದು ಮಾತು: ಬಿದ್ದು ಪೆಟ್ಟಾದರೆ ಮೊದಲ ದಿನವೇ, ಮೊದಲ ಚೀಟಿಯಲ್ಲೇ, ಹೇಗೆ ಬಿದ್ದದ್ದು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಮತ್ತೆ, ಕೇರಳ ಸರಕಾರದ ಕಾರ್ಡು ಇರುವವರು ಅದು ಮಂಗಳೂರಿನ ಆ ಆಸ್ಪತ್ರೆಯಲ್ಲಿ, ಆ ಆಪರೇಷನ್ನಿಗೆ ನಡೆಯುತ್ತದಾ ಅಂತ ಮನೆಯಿಂದ ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ತಲಪಾಡಿ ದಾಟಿ, ಟೋಲ್ ಕಟ್ಟಿ, ಕೌಂಟರಿನ ಎದುರು ನಿಂತು 'ಇಲ್ಲ' ಅನ್ನಿಸಿಕೊಳ್ಳುವುದು ಬೇಡ.

ಅರ್ಜಿ ಪಾಸಾದಮೇಲೆ ಅನಸ್ತೇಷಿಯಾ ಡಾಕ್ಟರನ್ನು, ಅಂದರೆ ಅರಿವಳಿಕೆ ಕೊಡುವವರನ್ನು, ಕಾಣಲು ಹೇಳಿದರು. ಸುಮ್ನೆ ಒಂದು ಸಹಿ ಹಾಕಿಸಿಕೊಳ್ಳಲು ಇರಬೇಕು ಅಂದುಕೊಂಡು ಭಾವನನ್ನು ಕಾರಿನಲ್ಲೇ ಕೂರಲು ಹೇಳಿ ಒಳಗೆ ಹೋದೆ. ಬಾಗಿಲ ಎದುರು ಬೆಂಚು ತುಂಬ ಜನ. ನನ್ನ ಸರದಿ ಬರುವಾಗ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಒಳಗಿದ್ದ ಮೇಡಂ ಮೊದಲು ಕೇಳಿದ್ದು ಭುಜದ ವಿಷಯ ಅಲ್ಲ.

"ಬಿಪಿಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ? ಸಾಮಾನ್ಯವಾಗಿ ಎಷ್ಟಿರುತ್ತದೆ? ಕೂತಲ್ಲಿಂದ ಎದ್ದಾಗ ಕಣ್ಣು ಕತ್ತಲೆ ಬರುವುದುಂಟಾ? ಯಾವಾಗಲಾದರೂ ಐದು ಹತ್ತು ನಿಮಿಷ ಮಾತು ತೊದಲಿದ್ದು, ಕೈ ಸೋತದ್ದು?"

"ಭುಜದ ಆಪರೇಷನ್ನಿಗೆ ಇದೆಲ್ಲ ಯಾಕೆ ಡಾಕ್ಟ್ರೇ?" ಅಂದೆ.

ಅವರು ಪೆನ್ನು ಕೆಳಗಿಟ್ಟು ವಿವರಿಸಿದರು. ಭುಜದ ಆಪರೇಷನ್ ಎರಡು ರೀತಿ ಮಾಡುತ್ತಾರೆ, ಒಂದು ಮಗ್ಗುಲಾಗಿ ಮಲಗಿಸಿ, ಇನ್ನೊಂದು ಬೆನ್ನು ಮೇಲೆತ್ತಿ ಕೂರಿಸಿ. ಕೂರಿಸುವುದಕ್ಕೆ ಬೀಚ್ ಚೇರ್ ಪೊಸಿಷನ್ ಅಂತ ಹೆಸರು. ಕೂರಿಸಿದರೆ ಸರ್ಜನ್ನರಿಗೆ ಭುಜ ಎಲ್ಲ ಕಡೆಯಿಂದ ಚೆನ್ನಾಗಿ ಸಿಗುತ್ತದೆ, ಕೈಯನ್ನು ಬೇಕಾದ ಹಾಗೆ ತಿರುಗಿಸಬಹುದು. ಆದರೆ ತಲೆ ಹೃದಯಕ್ಕಿಂತ ಮೇಲಾಗುತ್ತದೆ. ನಾವು ಎಚ್ಚರ ಇದ್ದು ಕೂತಾಗ ಶರೀರವೇ ರಕ್ತನಾಳ ಬಿಗಿ ಮಾಡಿ ಒತ್ತಡ ಸರಿಮಾಡಿಕೊಳ್ಳುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟಾಗ ಆ ಬಿಗಿ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ.

"ಇಳಿದರೂ ಮೆಷಿನ್ ತೋರಿಸುತ್ತದಲ್ವಾ?"

"ಮೆಷಿನ್ ತೋರಿಸುವುದು ತೋಳಿನ ಬಿಪಿ, ಮೆದುಳಿನದ್ದಲ್ಲ" ಅಂದರು.

ನನಗೆ ಅಲ್ಲಿ ವಿಷಯ ಹೊಳೆಯಿತು. ತೋಟದಲ್ಲಿ ಪಂಪು ಹಾಕಿದರೆ ಕೆಳಗಿನ ತಟ್ಟಿನ ಸ್ಪ್ರಿಂಕ್ಲರ್ ಜೋರಾಗಿ ತಿರುಗುತ್ತದೆ, ಮೇಲಿನ ತಟ್ಟಿನದ್ದು ಜಿನುಗುತ್ತದೆ ಅಷ್ಟೆ. ಪಂಪಿನ ಬುಡದ ಮೀಟರು ಮೇಲಿನ ತಟ್ಟಿನ ಕಥೆ ಹೇಳುವುದಿಲ್ಲ. ಲೆಕ್ಕವೂ ಕೊಟ್ಟರು: ಪ್ರತಿ 10 ಸೆಂಟಿಮೀಟರ್ ಎತ್ತರಕ್ಕೆ ಸುಮಾರು 7ರಿಂದ 8 ಪಾಯಿಂಟ್ ಒತ್ತಡ ಕಮ್ಮಿ. ತೋಳಿಗೆ ಬಿಪಿ ನೋಡುವ ಪಟ್ಟಿ ಕಟ್ಟಿದ ಜಾಗದಿಂದ ಕಿವಿಯ ಮಟ್ಟಕ್ಕೆ 20 ಸೆಂಟಿಮೀಟರ್ ಅಂದರೂ 15 ಪಾಯಿಂಟ್ ಹೋಯಿತು. ಕೆಲವೊಮ್ಮೆ ಪಟ್ಟಿಯನ್ನು ಕಾಲಿಗೆ ಕಟ್ಟುವುದುಂಟು, ಆಗ ವ್ಯತ್ಯಾಸ ಇನ್ನೂ ಎಷ್ಟೋ ಜಾಸ್ತಿ. ಅದರ ಮೇಲೆ, ಒಳಗೆ ರಕ್ತ ಬಂದರೆ ಕ್ಯಾಮೆರಾದಲ್ಲಿ ಏನೂ ಕಾಣುವುದಿಲ್ಲ, ಹಾಗಾಗಿ ಸರ್ಜನ್ನರಿಗೆ ಬಿಪಿ ಸ್ವಲ್ಪ ಕೆಳಗೆ ಇದ್ದರೆ ಅನುಕೂಲ. ಅನಸ್ತೇಷಿಯಾದವರಿಗೆ ಅದು ಮೇಲಿರಬೇಕು. ಈ ಎಳೆದಾಟದ ನಡುವೆ ನಾವು ನಿದ್ದೆ ಮಾಡಿರುತ್ತೇವೆ!

ಇದು ಸುಮ್ಮನೆ ಹೆದರಿಸುವ ಮಾತಲ್ಲ ಅಂತ ಆಮೇಲೆ ಮಗ ಬೆಂಗಳೂರಿನಿಂದ ಹುಡುಕಿ ಹೇಳಿದ. 2005ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ, ಕೂರಿಸಿ ಭುಜದ ಆಪರೇಷನ್ ಮಾಡಿದ ನಾಲ್ಕು ಜನರಿಗೆ ಮೆದುಳಿಗೆ, ಬೆನ್ನುಹುರಿಗೆ ರಕ್ತ ಸಾಲದೆ ಪೆಟ್ಟಾದ ವರದಿ ಬಂತು. ಅಲ್ಲಿಂದ ಎಲ್ಲರ ಗಮನ ಈ ಕಡೆ ಬಿತ್ತು. 2010ರಲ್ಲಿ ಇನ್ನೊಂದು ಅಧ್ಯಯನ. 124 ಮಂದಿಯಲ್ಲಿ 61 ಜನರನ್ನು ಕೂರಿಸಿ, 63 ಜನರನ್ನು ಮಗ್ಗುಲಾಗಿಸಿ ಆಪರೇಷನ್ ಮಾಡಿದರು. ಕೂತವರಲ್ಲಿ ನೂರಕ್ಕೆ 80 ಮಂದಿಗೆ ಮೆದುಳಿನ ಆಮ್ಲಜನಕ ಆಪರೇಷನ್ ನಡುವೆ ಇಳಿದಿತ್ತು, ಮಲಗಿದವರಲ್ಲಿ ಒಬ್ಬರಿಗೂ ಇಲ್ಲ. ಇದನ್ನು ಓದಿ ನನ್ನ ಹೆಂಡತಿ ಆಪರೇಷನ್ನೇ ಬೇಡ ಅಂತ ಕೂತಳು. ಆದರೆ ಅಂಕಿ ಇಳಿದವರಿಗೆಲ್ಲ ಪಾರ್ಶ್ವವಾಯು ಬರುತ್ತದೆ ಅಂತಲ್ಲ. ಅಂಥದ್ದು ತೀರಾ ಅಪರೂಪ, ಬಹುಪಾಲು ಜನ ಏನೂ ಆಗದೆ ಎದ್ದು ಮನೆಗೆ ಹೋಗುತ್ತಾರೆ. ಇಳಿದದ್ದು ಗೊತ್ತಾದರೆ ಏರಿಸಲು ದಾರಿಗಳೂ ಇವೆ. ಗೊತ್ತಾಗಬೇಕು, ಅಷ್ಟೆ.

ಗೊತ್ತಾಗಲು ಇರುವುದೇ ಆ ಹಣೆಯ ಪಟ್ಟಿ. ಸೆರೆಬ್ರಲ್ ಆಕ್ಸಿಮೀಟರ್ ಅಂತ ಹೆಸರು. ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದೆವಲ್ಲ, ಅದರದ್ದೇ ಜಾತಿ, ಆದರೆ ಹಣೆಯ ಎರಡು ಬದಿಗೆ ಅಂಟಿಸುತ್ತಾರೆ. ಕಣ್ಣಿಗೆ ಕಾಣದ ಬೆಳಕು ತಲೆಬುರುಡೆ ದಾಟಿ ಮೆದುಳಿನ ಮೇಲ್ಪದರದವರೆಗೆ ಹೋಗಿ ಬರುತ್ತದೆ, ಅಲ್ಲಿನ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೂರಕ್ಕೆ ಇಂತಿಷ್ಟು ಎಂದು ತೋರಿಸುತ್ತದೆ. ಬೆರಳಿನಲ್ಲಿ 98 ಬಂದ ಹಾಗೆ ಇಲ್ಲಿ ಬರುವುದಿಲ್ಲ. 60ರಿಂದ 75ರ ಆಸುಪಾಸಿನಲ್ಲಿ ಇದ್ದರೆ ಸಾಮಾನ್ಯ. ಮುಖ್ಯವಾಗಿ ನೋಡುವುದು ನಮ್ಮದೇ ಮೊದಲ ಅಂಕಿಯಿಂದ ಎಷ್ಟು ಇಳಿಯಿತು ಅಂತ. ಐದರಲ್ಲಿ ಒಂದು ಪಾಲು ಇಳಿದರೆ ಎಚ್ಚರಿಕೆ.

"ಬರೀ ಭುಜ ಮಾತ್ರ ಮರಗಟ್ಟಿಸಿ ಮಾಡಲು ಆಗುವುದಿಲ್ಲವಾ?" ಅಂತಲೂ ಕೇಳಿದೆ. ಆಗುತ್ತದೆ, ಹಾಗೆ ಮಾಡಿದವರಿಗೆ ಮೆದುಳಿನ ಅಂಕಿ ಅಷ್ಟು ಇಳಿಯುವುದೂ ಇಲ್ಲ ಅಂದರು. ಆದರೆ ನನ್ನದು ದೊಡ್ಡ ಹರಕು, ಹೊತ್ತು ಹಿಡಿಯುವ ಕೆಲಸ. ಮುಖದ ಮೇಲೆಲ್ಲ ಬಟ್ಟೆ ಮುಚ್ಚಿ ಅಷ್ಟು ಹೊತ್ತು ಅಲುಗಾಡದೆ ಕೂರಬೇಕು. ಎಚ್ಚರದಲ್ಲಿ ಕೂತವರಿಗೆ ಕೆಲವೊಮ್ಮೆ ನಾಡಿಯೂ ಬಿಪಿಯೂ ಒಟ್ಟಿಗೆ ಕುಸಿದು ತಲೆ ತಿರುಗುವುದೂ ಉಂಟು. ಹಾಗಾಗಿ ಕುತ್ತಿಗೆಗೆ ಚುಚ್ಚಿ ಕೈ ಮರಗಟ್ಟಿಸುವುದು, ಜೊತೆಗೆ ಪೂರ್ತಿ ಅರಿವಳಿಕೆ, ಎರಡೂ.

ಮಾತ್ರೆಯ ವಿಷಯ. ನಾನು ಟೆಲ್ಮಿಸಾರ್ಟಾನ್ ಮತ್ತು ಆಮ್ಲೋಡಿಪಿನ್ ತೆಗೆದುಕೊಳ್ಳುವವ. ಟೆಲ್ಮಿಸಾರ್ಟಾನನ್ನು ಆಪರೇಷನ್ನಿಗೆ 24 ಗಂಟೆ ಮೊದಲೇ ನಿಲ್ಲಿಸಲು ಹೇಳಿದರು, ಇಲ್ಲದಿದ್ದರೆ ಅರಿವಳಿಕೆಯಲ್ಲಿ ಬಿಪಿ ಇಳಿದದ್ದು ಏರುವುದೇ ಕಷ್ಟವಂತೆ. ಆಮ್ಲೋಡಿಪಿನ್ ಅದೇ ದಿನ ಬೆಳಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಬೇಕು. ಇದನ್ನು ನೋಡಿ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ ಮಾರಾಯ್ರೆ, ಮಾತ್ರೆಯ ಶೀಟನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಕುತ್ತಿಗೆಯ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಕೂಡ ಬರೆದರು. ಸ್ವಲ್ಪ ಕೊಬ್ಬು ಕಟ್ಟಿದೆ, ಅಡ್ಡಿಯಾಗುವಷ್ಟು ಇಲ್ಲ ಅಂತ ಬಂತು. ಅದರ ಖರ್ಚು ನಮ್ಮ ಕೈಯಿಂದಲೇ.

ಅಡ್ಮಿಟ್ ಆದ ಸಂಜೆ ನರ್ಸ್ ಒಪ್ಪಿಗೆ ಪತ್ರ ತಂದರು, ಮಲಯಾಳಂನಲ್ಲಿ. ವಿಳಾಸ ಕಾಸರಗೋಡು ಅಂತ ನೋಡಿ ತೆಗೆದದ್ದು. ಮಲಯಾಳ ಮಾತಾಡುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ, ಆದರೆ ಜೀವದ ವಿಷಯ ಬರೆದ ಎರಡು ಪುಟವನ್ನು ಅಕ್ಷರ ಕೂಡಿಸಿ ಓದಿ ಸಹಿ ಹಾಕುವ ಧೈರ್ಯ ಬರಲಿಲ್ಲ. ಕನ್ನಡದ್ದು ಕೊಡಿ ಅಂದೆ. "ಚೇಟ್ಟನ್ ಕನ್ನಡವಾ?" ಅಂತ ನಗುತ್ತಾ ಹೋಗಿ ತಂದುಕೊಟ್ಟರು, ಕಣ್ಣೂರಿನ ಹುಡುಗಿ. ನೀವೂ ಕೇಳಿ, ಇಟ್ಟಿರುತ್ತಾರೆ.

ಮರುದಿನ ಬೆಳಗ್ಗೆಯಿಂದ ಉಪವಾಸ. ಹಸಿರು ಗೌನು ಹಾಕಿಸಿ ಕೂರಿಸಿದ್ದಾರೆ, ಕರೆಯುವವರಿಲ್ಲ. ಹನ್ನೊಂದಾಯಿತು, ಒಂದಾಯಿತು. ಹೆಂಡತಿ ಕಾರಿಡಾರಿಗೆ ಹೋಗುವುದು, ಬರುವುದು. ಕೊನೆಗೆ ಮೇಡಮ್ಮೇ ವಾರ್ಡಿಗೆ ಬಂದರು. ಆಸ್ಪತ್ರೆಯಲ್ಲಿ ಹಣೆಯ ಪಟ್ಟಿಯ ಆ ಮಾನಿಟರ್ ಇರುವುದು ಒಂದೇ, ಅದು ಹೃದಯದ ಆಪರೇಷನ್ ಥಿಯೇಟರಿನದ್ದು, ರಾತ್ರಿ ತುರ್ತಾಗಿ ಬಂದ ಬೈಪಾಸ್ ಕೇಸಿಗೆ ಹೋಗಿದೆ. "ಅದಿಲ್ಲದೆಯೂ ಮಾಡುತ್ತಾರೆ, ದಿನಾ ಮಾಡುತ್ತೇವೆ. ಆದರೆ ನಿಮ್ಮ ಬಿಪಿ, ನಿಮ್ಮ ಡಾಪ್ಲರ್ ನೋಡಿ ನನಗೆ ಅದು ಇದ್ದರೆ ಸಮಾಧಾನ. ಮುಂದೆ ಹಾಕೋಣವಾ?"

ಹೊಟ್ಟೆಯಲ್ಲಿ ಬೆಂಕಿ, ಬಾಯಿ ಒಣಗಿ ಹೋಗಿದೆ, ಸಿಟ್ಟು ನೆತ್ತಿಗೇರಿತ್ತು. ಭಾವ ಕೆಲಸ ಬಿಟ್ಟು ಬಂದಿದ್ದಾರೆ, ತೋಟಕ್ಕೆ ಮದ್ದು ಬಿಡುವ ಜನ ಬರುವ ವಾರ ಅದು. ಆದರೂ ಯಾರೋ ಒಬ್ಬರು ನನ್ನ ತಲೆಯ ಬಗ್ಗೆ ಇಷ್ಟು ಯೋಚಿಸಿದ್ದಾರಲ್ಲ ಅಂತ ಕಂಡು ಆಯಿತು ಅಂದೆ. ಇನ್ಶೂರೆನ್ಸಿಗೆ ಹೊಸ ತಾರೀಕು ಹಾಕಿ ಮತ್ತೆ ಕಳಿಸಬೇಕಾಯಿತು, ಅದಕ್ಕೆ ಮತ್ತೆ ಕಾಯುವುದು. ನಿಲ್ಲಿಸಿದ ಮಾತ್ರೆ ಪುನಃ ಶುರು ಮಾಡಬೇಕಾ ಅಂತ ಕೇಳಿಕೊಂಡೇ ಮನೆಗೆ ಹೊರಟೆ. ಶುರು ಮಾಡಿ, ಹೊಸ ತಾರೀಕಿಗೆ ಮತ್ತೆ 24 ಗಂಟೆ ಮೊದಲು ನಿಲ್ಲಿಸಿ ಅಂದರು. ತಾರೀಕು ಮುಂದೆ ಹೋದರೆ ಈ ಪ್ರಶ್ನೆ ಕೇಳಲು ಮರೆಯಬೇಡಿ, ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಬರೆದಿರಲಿಲ್ಲ. ನೀವು ತಾರೀಕು ತೆಗೆದುಕೊಳ್ಳುವಾಗಲೇ ಆ ಮಾನಿಟರ್ ಅವತ್ತು ಸಿಗುತ್ತದಾ ಅಂತಲೂ ಒಂದು ಮಾತು ಕೇಳಿಬಿಡಿ.

ಎರಡನೇ ಸಲ ಬೇಗ ಕರೆದರು. ಬೆಳಗ್ಗೆ ಸ್ನಾನ ಮಾಡಿ ಗಂಧ ಹಚ್ಚಿಕೊಂಡಿದ್ದೆ. ಒಳಗೆ ಟೆಕ್ನಿಷಿಯನ್ ಹುಡುಗ "ಅಣ್ಣ, ಸ್ವಲ್ಪ ಒರೆಸುತ್ತೇನೆ" ಅಂತ ಸ್ಪಿರಿಟಿನ ಹತ್ತಿಯಲ್ಲಿ ಹಣೆ ಉಜ್ಜಿದ. ಗಂಧ ಹೋಯಿತು, ಕೂದಲಿನಿಂದ ಇಳಿದ ಎಣ್ಣೆಯ ಜಿಡ್ಡು ಹೋಗಲಿಲ್ಲ, ಇನ್ನೊಂದು ಹತ್ತಿ ತೆಗೆದ. ಜಿಡ್ಡಿದ್ದರೆ ಪಟ್ಟಿ ಹಿಡಿಯುವುದಿಲ್ಲವಂತೆ. ಹುಬ್ಬಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಅಂಟಿಸಿದ. ತಣ್ಣಗೆ, ಸ್ವಲ್ಪ ದಪ್ಪ, ಪ್ರತಿಯೊಂದರಿಂದ ಒಂದೊಂದು ವಯರು. ಕತ್ತು ತಿರುಗಿಸಿ ನೋಡಿದೆ, ಪರದೆಯಲ್ಲಿ 67, 66. ಎಚ್ಚರದಲ್ಲಿರುವಾಗಲೇ ಈ ಮೊದಲ ಅಂಕಿ ಬರೆದುಕೊಳ್ಳುತ್ತಾರೆ. ಆಪರೇಷನ್ನಿಗೆ ಹೋಗುವ ಹಿಂದಿನ ದಿನದಿಂದ ತಲೆಗೆ ಎಣ್ಣೆ ಹಾಕಬೇಡಿ.

ಎಡ ಮಣಿಕಟ್ಟಿನ ರಕ್ತನಾಳಕ್ಕೆ ಒಂದು ಸಣ್ಣ ನಳಿಗೆ ಹಾಕಿದರು. ಪ್ರತಿ ಬಡಿತದ ಬಿಪಿ ಅದರಲ್ಲಿ ಕಾಣುತ್ತದೆ, ಅದರ ಅಳತೆಯ ಪೆಟ್ಟಿಗೆಯನ್ನು ಕಿವಿಯ ಮಟ್ಟಕ್ಕೆ ಕಟ್ಟಿದರು. ಕಾಲಿಗೆ ಗಾಳಿ ತುಂಬಿ ಬಿಡುವ ಚೀಲ, ರಕ್ತ ಕಾಲಲ್ಲಿ ನಿಲ್ಲದಿರಲಿ ಅಂತ. ಕುತ್ತಿಗೆಯ ಬದಿಗೆ ಸ್ಕ್ಯಾನ್ ನೋಡಿಕೊಂಡು ಸೂಜಿ. ಕೈ ಮೊದಲು ಬಿಸಿಯಾಯಿತು, ಆಮೇಲೆ ನನ್ನದಲ್ಲ ಅನ್ನುವ ಹಾಗಾಯಿತು. ಅಷ್ಟರ ಮೇಲೆ ನನಗೆ ನೆನಪಿಲ್ಲ.

ಆಮೇಲಿನದ್ದು ಮೇಡಂ ಮರುದಿನ ಚಾರ್ಟ್ ತೋರಿಸಿ ಹೇಳಿದ್ದು. ನಿದ್ದೆ ಬಂದಮೇಲೆ ನಿಧಾನ, ಹಂತ ಹಂತವಾಗಿ ಬೆನ್ನು ಎತ್ತಿದ್ದಾರೆ. ತಲೆ ಓರೆಯಾಗದ ಹಾಗೆ ನೇರ ಹಿಡಿದು ಕಟ್ಟಿದ್ದಾರೆ, ಕುತ್ತಿಗೆ ತಿರುಗಿದರೆ ಅಲ್ಲೂ ರಕ್ತಕ್ಕೆ ಅಡ್ಡಿ. ಪೂರ್ತಿ ಕೂರಿಸಿದ ಸ್ವಲ್ಪ ಹೊತ್ತಿಗೆ ಎಡಬದಿಯ ಅಂಕಿ 67ರಿಂದ 51ಕ್ಕೆ ಬಂದಿದೆ. ಆಗ ತೋಳಿನ ಬಿಪಿ ನೋಡಿದ್ದರೆ ಯಾರೂ ಗಾಬರಿಯಾಗುತ್ತಿರಲಿಲ್ಲ, 100ರ ಹತ್ತಿರವೇ ಇತ್ತಂತೆ. ಬೆರಳಿನ ಆಕ್ಸಿಜನ್ 99. ಹಣೆಯ ಪಟ್ಟಿ ಮಾತ್ರ ಕೂಗಿದ್ದು. ಸರ್ಜನ್ನರಿಗೆ ನಿಲ್ಲಲು ಹೇಳಿ, ಬೆನ್ನು ಸ್ವಲ್ಪ ಇಳಿಸಿ, ಬಿಪಿ ಏರಿಸುವ ಮದ್ದು ಕೊಟ್ಟು, ಗ್ಲೂಕೋಸ್ ಬಾಟಲಿಯ ದಾರಿಯಲ್ಲಿ ದ್ರವ ಜಾಸ್ತಿ ಬಿಟ್ಟು, ಉಸಿರಿನ ಮೆಷಿನ್ ಸ್ವಲ್ಪ ನಿಧಾನ ಮಾಡಿದ್ದಾರೆ. ಉಸಿರು ನಿಧಾನವಾದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿ ಮೆದುಳಿನ ರಕ್ತನಾಳ ಅಗಲವಾಗುತ್ತದೆ. ಅಂಕಿ 60ರ ಮೇಲೆ ಬಂದಮೇಲೆಯೇ ಕೆಲಸ ಮುಂದುವರಿದದ್ದು. ಚಾರ್ಟಿನಲ್ಲಿ ಆ ಜಾಗದಲ್ಲಿ ಗೆರೆ ಹಳ್ಳಕ್ಕೆ ಇಳಿದು ಹತ್ತಿದ್ದು ಕಾಣುತ್ತದೆ. ಬೆರಳಿಟ್ಟು ನೋಡಿದೆ, ಒಂದು ಉಗುರಿನಷ್ಟು ಅಗಲ.

ಇನ್ನು ಎಲ್ಲರೂ ಓದಲೇಬೇಕಾದ್ದು. ನನ್ನನ್ನು ಹೊರಗೆ ತಂದಾಗ ಬಲಗೈ ಕೊರಡು, ಬಲಗಣ್ಣಿನ ರೆಪ್ಪೆ ಅರ್ಧ ಇಳಿದಿದೆ, ಸ್ವರ ಒಡೆದು ಹೋಗಿದೆ. ಇಷ್ಟೆಲ್ಲ ಓದಿಕೊಂಡಿದ್ದ ಹೆಂಡತಿಗೆ ಹೇಗಾಗಿರಬೇಡ! ಪಾರ್ಶ್ವವಾಯು ಹೊಡೆಯಿತು ಅಂತ ಅಳುತ್ತಾ ಮಗನಿಗೆ ಫೋನ್ ಮಾಡಿದಳು. ಅದು ಕುತ್ತಿಗೆಗೆ ಕೊಟ್ಟ ಮದ್ದಿನ ಪ್ರತಾಪ. ಅಲ್ಲಿನ ನರಗಳಿಗೂ ಮದ್ದು ಹರಡಿ, ಆಪರೇಷನ್ ಆದ ಬದಿಯದ್ದೇ ರೆಪ್ಪೆ ಜೋಲುತ್ತದೆ, ಸ್ವರ ಕೂರುತ್ತದೆ, ಆ ಬದಿಯ ವಪೆ (ಎದೆಯ ಕೆಳಗಿನ ಉಸಿರಾಟದ ಸ್ನಾಯು) ಕೆಲಸ ಮಾಡದೆ ಉಸಿರು ಸಾಲದ ಹಾಗೆ ಅನಿಸುತ್ತದೆ. ಮದ್ದಿನ ಅಮಲು ಇಳಿದ ಹಾಗೆ ಎಲ್ಲ ಹೋಗುತ್ತದೆ, ನನ್ನದು ಮರುದಿನದೊಳಗೆ ಹೋಯಿತು. ಬಾಯಿ ಸೊಟ್ಟಗಾಗಿದ್ದರೆ, ಕಾಲು ಸೋತಿದ್ದರೆ, ಮಾತಿನ ಅರ್ಥ ತಪ್ಪುತ್ತಿದ್ದರೆ ಅದು ಬೇರೆ, ಆಗ ಒಂದು ನಿಮಿಷ ಕಾಯದೆ ಕೂಗಿ ಕರೆಯಬೇಕು. ಯಾವುದು ಅಂತ ತಿಳಿಯದಿದ್ದರೂ ಕರೆಯಿರಿ, ನರ್ಸ್ ಬೈದರೆ ಬೈಯಲಿ. ಆದರೆ ಈ ರೆಪ್ಪೆಯ ವಿಷಯವನ್ನು ಆಪರೇಷನ್ನಿನ ಮೊದಲೇ ರೋಗಿಯ ಜೊತೆ ಬೈಸ್ಟ್ಯಾಂಡರ್ ಆಗಿ ಕೂರುವವರಿಗೆ ಹೇಳಿಟ್ಟಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ಖರ್ಚು. ಒಟ್ಟು ಬಿಲ್ಲು ಎರಡು ಲಕ್ಷ ದಾಟಿತು. ಅದರಲ್ಲಿ ದೊಡ್ಡ ಪಾಲು ಎಲುಬಿಗೆ ಕೂರಿಸಿದ ಆ್ಯಂಕರುಗಳದ್ದು, ಎಷ್ಟು ಆ್ಯಂಕರ್ ಬೇಕು ಅಂತ ಒಳಗೆ ನೋಡಿದಮೇಲೆಯೇ ತೀರ್ಮಾನ, ಹಾಗಾಗಿ ಮೊದಲು ಹೇಳಿದ ಎಸ್ಟಿಮೇಟ್ ಏರುತ್ತದೆ. ಹಣೆಯ ಪಟ್ಟಿ ಒಬ್ಬರಿಗೆ ಒಂದೇ ಸಲ, ಆಮೇಲೆ ಬಿಸಾಡುವುದು. ಆ ಎರಡು ತುಂಡಿಗೆ ಐದಂಕಿಯ ಬೆಲೆ! ಇನ್ಶೂರೆನ್ಸಿನವರು ಅದನ್ನು ಗ್ಲೌಸು, ಹತ್ತಿಯ ಜೊತೆ ಸೇರಿಸಿ 'ಕೊಡುವುದಿಲ್ಲ' ಅಂತ ಕಡಿದರು. ನಾನು ಜಗಳಕ್ಕೆ ಹೋಗಲಿಲ್ಲ, ಮಗ ಹೋಗಿದ್ದಾನೆ, ಡಾಕ್ಟರ ಒಂದು ಪತ್ರ ಇಟ್ಟು ಮೇಲರ್ಜಿ ಹಾಕಿದ್ದಾನೆ, ಉತ್ತರ ಬಂದಿಲ್ಲ. ಡಿಸ್ಚಾರ್ಜ್ ಅಂತ ಬೆಳಗ್ಗೆ ಹೇಳಿ ಅಂತಿಮ ಒಪ್ಪಿಗೆ ಬಂದದ್ದು ರಾತ್ರಿ. ಊಟ ಪಾರ್ಸೆಲ್ ತರಿಸಿ, ಬ್ಯಾಗು ಕಟ್ಟಿಕೊಂಡು, ಖಾಲಿ ಮಾಡಬೇಕಾದ ಕೋಣೆಯಲ್ಲೇ ಕೂತಿದ್ದೆವು.

ಮನೆಗೆ ಬಂದಮೇಲೆ ಕೈಗೆ ಸ್ಲಿಂಗ್, ಕಂಕುಳಲ್ಲಿ ದಿಂಬು, ಆರು ವಾರ. ಮಲಗಿದರೆ ಭುಜ ಎಳೆಯುತ್ತದೆ, ಜಗಲಿಯ ಈಸಿ ಚೇರಿನಲ್ಲೇ ರಾತ್ರಿ ಕಳೆದೆ. ಬಗ್ಗಿ ನಿಂತು ಕೈ ಜೋಲುಬಿಟ್ಟು ತೂಗಿಸುವ ವ್ಯಾಯಾಮ, ಆಮೇಲೆ ಪಕ್ಕಾಸಿಗೆ ರಾಟೆ ಕಟ್ಟಿ ಹಗ್ಗ ಎಳೆಯುವುದು. ಫಿಸಿಯೋಥೆರಪಿಗೆ ಮಂಗಳೂರಿಗೇ ಹೋಗಬೇಕಂತಿಲ್ಲ, ಹತ್ತಿರದಲ್ಲೇ ಮಾಡಿಸಿ. ಡಾಕ್ಟರು ಬರೆದುಕೊಟ್ಟ ವಾರವಾರದ ಪಟ್ಟಿ ಮಾತ್ರ ಅವರ ಕೈಗೆ ಕೊಡಿ. ಅವಸರಪಟ್ಟು ಜಾಸ್ತಿ ಎಳೆದರೆ ಹೊಲಿಗೆ ಬಿಡುತ್ತದೆ.

ಕೊನೆಗೆ ಒಂದು ಕಾಗದದ ವಿಷಯ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ್ಯಂಕರಿನ ಕಂಪನಿಯ ಹೆಸರಿದೆ, ಹೊಲಿಗೆಯ ಲೆಕ್ಕ ಇದೆ, ಮೆದುಳಿನ ಅಂಕಿ ಇಳಿದ ಸಂಗತಿ ಒಂದು ಸಾಲೂ ಇಲ್ಲ. ಅದು ಇರುವುದು ಅನಸ್ತೇಷಿಯಾ ಚಾರ್ಟಿನಲ್ಲಿ, ಆ ಚಾರ್ಟ್ ಆಸ್ಪತ್ರೆಯ ಫೈಲಿನಲ್ಲೇ ಉಳಿಯುತ್ತದೆ. ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಕೊಟ್ಟು, ಆಧಾರ್ ಪ್ರತಿ ಇಟ್ಟು, ಸಣ್ಣ ಫೀಸು ಕಟ್ಟಿದರೆ ನಕಲು ಕೊಡುತ್ತಾರೆ. ಮತ್ತೆ ಯಾವುದಕ್ಕಾದರೂ ಅರಿವಳಿಕೆ ಕೊಡುವ ಹಾಗಾದರೆ ಇದನ್ನೇ ಮೊದಲು ತೋರಿಸಿ ಅಂತ ಮೇಡಂ ಹೇಳಿದ್ದಾರೆ. ನನ್ನ ನಕಲು ಇನ್ನೂ ಕೈಗೆ ಬಂದಿಲ್ಲ. ಅರ್ಜಿಯಲ್ಲಿ ಇನಿಷಿಯಲ್ ಮೊದಲಿಗೆ ಬರೆದದ್ದಕ್ಕೆ ವಾಪಸು ಕಳಿಸಿದ್ದಾರೆ, ಸೋಮವಾರ ಭಾವ ಮಂಗಳೂರಿಗೆ ಹೋಗುವಾಗ ಹೊಸದು ಕೊಟ್ಟು ಕಳಿಸಬೇಕು.